ಮೂರನೇ ಗುಂಡಿ ಬರೆದ ಸಾಲು

ಒಂದ್ನಿಮಿಷ ಇರಿ, ಇದನ್ನ ಪೂರ್ತಿ ಕೇಳ್ಬಿಟ್ಟು ಆಮೇಲೆ ಎದ್ದು ಹೋಗಿ. ಸೊಂಟನೋವಿನ ಕಥೆ ಯಾರಿಗೆ ಬೇಕು ಅಂತೀರಿ, ಗೊತ್ತು. ನೋವು ಯಾರಿಗಿಲ್ಲ ಹೇಳಿ? ಆದ್ರೆ ಯಾರೂ ಬಾಯಿಬಿಟ್ಟು ಹೇಳದೇ ಇರೋ ಒಂದೇ ಒಂದು ಸಾಲು ಒಬ್ಬ ಹೆಂಗಸಿನ ಹನ್ನೆರಡು ವರ್ಷದ ಕೆಲಸನ ಹೇಗೆ ಅಲ್ಲಾಡಿಸ್ಬಿಡ್ತು, ಆ ಸಾಲು ಹಾಕಿದ ಹುಡುಗಿ ಆಮೇಲೆ ಏನ್ ಮಾಡಿದ್ಲು, ಅದನ್ನ ಕೇಳ್ಲೇಬೇಕು ನೀವು.

ನಮ್ಮ ಮೊಕ್ಪೊ ಬಂದರಿನ ಮೀನು ಮಾರ್ಕೆಟ್ ಹಿಂದಿನ ಬೀದೀಲಿ, ಔಷಧಿ ಅಂಗಡಿ ಮೇಲೆ, ಮೊದಲನೇ ಮಹಡೀಲಿ ಡಾಕ್ಟರ್ ಛೂ ಅವರ ಮೂಳೆ ಆಸ್ಪತ್ರೆ. ಇಪ್ಪತ್ಮೂರು ಮೆಟ್ಟಿಲು. ಸೊಂಟನೋವಿನವರನ್ನ ಇಪ್ಪತ್ಮೂರು ಮೆಟ್ಟಿಲು ಹತ್ತಿಸೋ ಡಾಕ್ಟ್ರು ಊರಲ್ಲಿ ಇವರೊಬ್ಬರೇ ಅಂತ ಮೀನು ಮಾರೋ ಅಜ್ಜಿಯರು ಬೈಕೊಂಡು ಬೈಕೊಂಡೇ ಹತ್ತುತ್ತಾರೆ. ಬಾಗಿಲು ತೆಗೆಯೋದು ಎಂಟೂವರೆಗೆ. ಅಜ್ಜಿಯರು ಏಳೂವರೆಗೇ ಬಂದು ಮೆಟ್ಟಿಲ ಮೇಲೆ ಸಾಲಾಗಿ ಕೂತಿರ್ತಾರೆ.

ಮುಂದಿನ ಮೇಜಲ್ಲಿ ಕೂರೋಳು ಬೋರಾಮ್. ಇಪ್ಪತ್ತಾರು ವರ್ಷ. ಕಾಲೇಜಲ್ಲಿ ಓದಿದ್ದೇ ರೋಗಕ್ಕೆ ಸಂಕೇತ ಹಾಕೋ ವಿದ್ಯೆ. ಜಗತ್ತಿನ ಪ್ರತಿಯೊಂದು ಕಾಯಿಲೆಗೂ ಒಂದು ಅಕ್ಷರ, ಕೆಲವು ಅಂಕಿ ಇರುತ್ತೆ ನೋಡಿ, ಅದು. ಬರೀ ಸೊಂಟನೋವು ಅಂದ್ರೆ ಎಂ-54.5. ಎಂ ಅಂದ್ರೆ ಮೈಯೊಳಗಿಂದ್ಲೇ ಬಂದದ್ದು, ಸವೆತ, ವಯಸ್ಸು, ಹಾಗೆ. ಬಿದ್ದು, ಎಳೆದು, ಎತ್ತಿ ಪೆಟ್ಟಾಗಿದ್ರೆ ಅದು ಎಸ್, ಸೊಂಟ ಉಳುಕಿದ್ರೆ ಎಸ್-33.5. ಒಂದೇ ಸೊಂಟ, ಎರಡು ಅಕ್ಷರ. ಪರೀಕ್ಷೇಲಿ ಬೋರಾಮ್ ಇದನ್ನೆಲ್ಲ ಕಣ್ಮುಚ್ಚಿ ಬರೆದು ಕಾಲೇಜಿಗೇ ಎರಡನೆಯವಳಾಗಿದ್ಲು.

ಕೆಲಸಕ್ಕೆ ಸೇರಿದ ಮೊದಲನೇ ದಿನವೇ ಮೇಜಿನ ಹಿರಿಯಳು ಜೊಂಗ್ನಿಮ್ ಅಕ್ಕ ಅದೆಲ್ಲ ಮರೆಸಿದ್ಲು.

"ನೋಡೇ, ಇಲ್ಲಿ ಪುಸ್ತಕ ಬೇಡ. ಒಂದನೇ ಗುಂಡಿ ಮಂಡಿ, ಎರಡು ಭುಜ, ಮೂರು ಸೊಂಟ. ಒತ್ತಿದ್ರೆ ಸಂಕೇತ, ಸೂಜಿ, ಬಿಸಿ ಶಾಖ, ಎಲ್ಲ ಒಟ್ಟಿಗೆ ತುಂಬ್ಕೊಳುತ್ತೆ. ನೋವು ಹೇಗೆ ಬಂತು ಅನ್ನೋ ಹಿನ್ನೆಲೆ ಸಾಲೂ ಅದೇ ಬರ್ಕೊಳುತ್ತೆ. ಡಾಕ್ಟ್ರು ಒಳಗಿಂದ 'ಮೂರು' ಅಂತಾರೆ, ನೀನು ಮೂರು ಒತ್ತು. ಮುಗೀತು."

ಆ ಹಿನ್ನೆಲೆ ಸಾಲು ಏನಿತ್ತು ಗೊತ್ತಾ? "ಹಲವು ವರ್ಷಗಳಿಂದ, ವಿಶೇಷ ಕಾರಣವಿಲ್ಲದೆ, ಆಗಾಗ ಸೊಂಟನೋವು." ಕಂಪ್ಯೂಟರ್ ಕೂರಿಸಿದ ಯಾವನೋ ಪುಣ್ಯಾತ್ಮ ಒಂಬತ್ತು ವರ್ಷದ ಹಿಂದೆ ಮಾದರಿಗೆ ಅಂತ ಹಾಕಿ ಹೋಗಿದ್ದು. ಅದು ಹಾಗೇ ಉಳ್ಕೊಂಡಿತ್ತು. ಯಾರೂ ಓದ್ತಿರ್ಲಿಲ್ಲ. ಬೋರಾಮ್ ಮೊದಮೊದಲು ಓದಿದ್ಲು, ಆಮೇಲೆ ಅವಳಿಗೂ ಕಾಣೋದು ನಿಂತ್ಹೋಯ್ತು. ಬೆರಳು ಎಷ್ಟು ಚುರುಕಾಯ್ತು ಅಂದ್ರೆ, ದಿನಕ್ಕೆ ತೊಂಬತ್ತು ಜನನ ದಾಟಿಸ್ತಿದ್ಲು. ಅಜ್ಜಿಯರು "ಈ ಹುಡುಗಿ ಕೈ ಮೀನು ಕೊಯ್ಯೋ ಕೈ ತರ ಓಡುತ್ತೆ" ಅಂತ ಹೊಗಳೋರು. ಅವಳಿಗೆ ಖುಷಿ.

ಈಗ ನವೆಂಬರಿನ ಆ ಸೋಮವಾರಕ್ಕೆ ಬನ್ನಿ. ಚಳಿಗಾಲಕ್ಕೆ ಕಿಮ್ಚಿ ಹಾಕೋ ವಾರ. ಒಂದೊಂದು ಮನೇಲಿ ಎಂಬತ್ತು, ನೂರು ಎಲೆಕೋಸು ಉಪ್ಪಲ್ಲಿ ನೆನೆಸಿ, ತೊಳೆದು, ಬಗ್ಗಿ ಬಗ್ಗಿ ಖಾರ ಮೆತ್ತಿ, ಇಡೀ ಊರಿನ ಹೆಂಗಸರ ಸೊಂಟ ಒಂದೇ ಸಲ ಹಿಡ್ಕೊಳೋ ವಾರ. ಕಾಯೋ ಜಾಗದಲ್ಲಿ ಕಾಲಿಡೋಕೆ ಜಾಗ ಇಲ್ಲ. ಬಾರ್ಲಿ ಟೀ ಹಂಡೆ ಹತ್ತು ಗಂಟೆಗೇ ಖಾಲಿ.

ಇಪ್ಪತ್ತೇಳನೇ ನಂಬರಿನ ಚೀಟಿ ಹಿಡ್ಕೊಂಡು ಬಂದ್ರು ಗುಮ್ಜಾ. ಐವತ್ತೆಂಟು ವರ್ಷ, ಬೆಟ್ಟದ ಕಡೆ ಇರೋ ವೃದ್ಧರ ಆರೈಕೆ ಮನೇಲಿ ಹನ್ನೆರಡು ವರ್ಷದಿಂದ ಕೆಲಸ. ಎರಡೂ ಕೈಯಲ್ಲಿ ಮೇಜಿನ ಅಂಚು ಗಟ್ಟಿಯಾಗಿ ಹಿಡ್ಕೊಂಡಿದ್ರು. ಮುಖದಲ್ಲಿ ಮಾತ್ರ ನಗು.

"ಎಲ್ಲಿ ನೋವಮ್ಮ?"

"ಸೊಂಟ ಮಗಳೇ. ನಿನ್ನೆ ಕೆಲಸದಲ್ಲಿ, ಬಚ್ಚಲಲ್ಲಿ ನಾನು ನೋಡ್ಕೊಳೋ ಅಜ್ಜಿ ಜಾರಿದ್ರು, ಹಿಡ್ಕೊಂಡ್ಬಿಟ್ಟೆ. ತೊಂಬತ್ತೊಂದು ವರ್ಷ ಅವರಿಗೆ, ಬಿದ್ದಿದ್ರೆ ಗತಿ ಏನು ಹೇಳು? ಅವರಿಗೇನೂ ಆಗ್ಲಿಲ್ಲ, ದೊಡ್ಡ ಪುಣ್ಯ. ನನ್ನ ಒಳಗೆ ಏನೋ ಟಕ್ ಅಂತು, ಅಷ್ಟೇ."

ಆಗ್ಲೇ ಫೋನ್ ಬಡ್ಕೊಳ್ತು. ಹಿಂದುಗಡೆಯಿಂದ ಒಬ್ಬಜ್ಜಿ "ನನ್ನ ನಂಬರ್ ಹೋಯ್ತೇನೇ?" ಅಂತ ಕೂಗಿದ್ರು. ಬೋರಾಮ್ "ಸೊಂಟ" ಅಂತ ಒಂದು ಪದ ಹೊಡೆದ್ಲು. ಫೋನ್ ಕಿವಿಗೆ ಸಿಕ್ಕಿಸ್ಕೊಂಡೇ, ಗುಮ್ಜಾಗೆ ಕೂರೋಕೂ ಆಗ್ತಿಲ್ಲ ಅಂತ ಕಂಡು, ತನ್ನ ಕುರ್ಚಿ ಬೆನ್ನಿಗಿದ್ದ ದಿಂಬು ಎಳೆದು ಅವರ ಕೈಗೆ ಕೊಟ್ಲು. "ಇದನ್ನ ಬೆನ್ನಿಗಿಟ್ಕೊಳಿ ಅಮ್ಮ, ಆ ಮೂಲೇಲಿ."

ಇದನ್ನ ನೆನಪಿಟ್ಕೊಳಿ. ಹುಡುಗಿ ಕೆಟ್ಟವಳಲ್ಲ. ದಿಂಬು ಕೊಟ್ಟ ಕೈಯೇ ಗುಂಡಿನೂ ಒತ್ತಿದ್ದು.

ಒಳಗೆ ಡಾಕ್ಟರ್ ಛೂ ಬೆನ್ನು ಅದುಮಿ ನೋಡಿದ್ರು, ಕಾಲು ಎತ್ತಿಸಿದ್ರು.

"ಕಿಮ್ಚಿ ಹಾಕಿದ್ರಾ?"

"ಅಯ್ಯೋ ಹಾಕ್ದೆ ಇರ್ತೀವಾ ಡಾಕ್ಟ್ರೇ, ಅದೂ ಆಯ್ತು," ಅಂತ ಗುಮ್ಜಾ ನಕ್ರು. ಬಚ್ಚಲಿನ ವಿಷಯ ಮತ್ತೆ ಎತ್ತಲಿಲ್ಲ. ಹೊರಗೆ ಆ ಹುಡುಗಿ ಹತ್ರ ಹೇಳಿದ್ದೀನಲ್ಲ, ಅವಳು ಬರ್ಕೊಂಡಿರ್ತಾಳೆ, ಒಂದೇ ಮಾತು ಎರಡು ಸಲ ಹೇಳಿ ದೊಡ್ಡೋರ ಟೈಮ್ ಯಾಕೆ ಹಾಳು ಮಾಡ್ಲಿ ಅಂತ.

"ಮೂರು!" ಡಾಕ್ಟ್ರು ಬಾಗಿಲಾಚೆಗೆ ಕೂಗಿದ್ರು. ಬೋರಾಮ್ ಮೂರು ಒತ್ತಿದ್ಲು. ಇಪ್ಪತ್ತೆಂಟು ಬಂತು.

ಎರಡು ತಿಂಗಳು ಕಳೀತು.

ಜನವರಿ ಒಂದು ಮಧ್ಯಾಹ್ನ, ಹಿಮ ಬೀಳ್ತಿತ್ತು, ಆಸ್ಪತ್ರೇಲಿ ಒಂದು ನೊಣ ಇಲ್ಲ. ಜೊಂಗ್ನಿಮ್ ಅಕ್ಕ ಬಿಸಿ ಶಾಖದ ರೂಮಲ್ಲಿ ತನ್ನ ಬೆನ್ನನ್ನೇ ಚಾಚ್ಕೊಂಡು ಮಲಗಿದ್ಲು. ಮೆಟ್ಟಿಲ ಮೇಲೆ ಕೋಲು ಟಕ್, ಟಕ್ ಅಂತ ತುಂಬಾ ಹೊತ್ತು ಕೇಳಿಸ್ತು. ಬಂದ್ರು ಗುಮ್ಜಾ. ನವೆಂಬರಲ್ಲಿ ಇದ್ದ ಆ ದುಂಡು ಮುಖ ಇಳ್ದು ಹೋಗಿತ್ತು. ಕೋಟಿನ ಒಳಗಿಂದ ನ್ಯೂಸ್‌ಪೇಪರಲ್ಲಿ ಸುತ್ತಿದ ಬಿಸಿಬಿಸಿ ಗೆಣಸು ತೆಗೆದು ಮೇಜಿನ ಮೇಲಿಟ್ರು.

"ತಿನ್ನು, ದಾರೀಲಿ ಸುಡ್ತಿದ್ದ, ವಾಸನೆಗೆ ನಿನ್ನ ನೆನಪಾಯ್ತು. ಒಂದು ಉಪಕಾರ ಮಾಡ್ತೀಯಾ ಮಗಳೇ? ಕನ್ನಡಕ ಮರೆತು ಬಂದೆ. ಈ ಕಾಗದ ಓದಿ ಹೇಳು. ಕಾರ್ಮಿಕರ ಆಫೀಸಿಂದ ಬಂದಿದೆ. ಇಲ್ಲ ಅಂದಿದ್ದಾರೆ ಅಂತ ಗೊತ್ತಾಯ್ತು, ಯಾಕೆ ಅಂತ ಗೊತ್ತಾಗ್ಲಿಲ್ಲ."

ದೊಡ್ಡಾಸ್ಪತ್ರೇಲಿ ಬೆನ್ನಿನ ಚಿತ್ರ ತೆಗೆಸಿದ್ರಂತೆ, ಮೂಳೆಗಳ ನಡುವಿನ ಮೆತ್ತೆ ಹರಿದಿದೆ ಅಂದ್ರಂತೆ. ಕೆಲಸದಲ್ಲಿ ಆದ ಪೆಟ್ಟು ಅಂತ ಅರ್ಜಿ ಹಾಕಿದ್ರು. ಒಪ್ಪಿದ್ರೆ ಚಿಕಿತ್ಸೆ ನಡೆಯುತ್ತೆ, ವಾಸಿಯಾಗೋವರೆಗೂ ಕೆಲಸದ ಜಾಗ ಅವರದ್ದೇ ಇರುತ್ತೆ. ಕೊನೆಗೂ ಒಪ್ಪದೇ ಇದ್ರೆ ಆ ಜಾಗಕ್ಕೆ ಬೇರೆಯವರು ಬರ್ತಾರೆ.

ಬೋರಾಮ್ ಗೆಣಸು ಪಕ್ಕಕ್ಕಿಟ್ಟು ಓದೋಕೆ ಶುರು ಮಾಡಿದ್ಲು. ಸರಸರ ಓದ್ತಿದ್ಲು. ಮಧ್ಯದಲ್ಲಿ ನಿಂತ್ಲು.

"ಪ್ರಥಮ ಭೇಟಿಯ ದಾಖಲೆಯ ಪ್ರಕಾರ ಅರ್ಜಿದಾರರು, ಹಲವು ವರ್ಷಗಳಿಂದ, ವಿಶೇಷ ಕಾರಣವಿಲ್ಲದೆ, ಆಗಾಗ ಸೊಂಟನೋವು ಅನುಭವಿಸುತ್ತಿರುವುದಾಗಿ ತಿಳಿಸಿದ್ದಾರೆ. ಆದ್ದರಿಂದ..."

ತಿಳಿಸಿದ್ದಾರೆ. ಯಾರು ತಿಳಿಸಿದ್ದು? ಬೋರಾಮ್ ಕಣ್ಣು ಆ ಸಾಲಿನಿಂದ ಮೇಲಕ್ಕೇಳ್ಲೇ ಇಲ್ಲ. ಮೂರು ವರ್ಷದಿಂದ ಕಾಣದೇ ಇದ್ದ ಸಾಲು ಈಗ ಬೇರೆಯವರ ಕಾಗದದಲ್ಲಿ, ಸೀಲು ಹಾಕಿಸ್ಕೊಂಡು, ಅವಳನ್ನೇ ನೋಡ್ತಿತ್ತು.

"ಓ..." ಅಂದ್ರು ಗುಮ್ಜಾ. "ಹಾಗಾ? ನಾನೇ ಹಾಗಂದಿರ್ಬೇಕು ಬಿಡು. ಆವತ್ತು ನೋವಲ್ಲಿ ಬಾಯಿಗೆ ಏನ್ ಬಂತೋ. ಈ ಬಾಯಿಗೆ ಒಂದು ಲಗಾಮಿಲ್ಲ."

ಬೋರಾಮ್ ಕಾಗದನ ಮೇಜಿನ ಮೇಲಿಟ್ಲು.

"ನಮ್ಮ ಮನೇಜರು ಅದಕ್ಕೇ ಹೇಳಿದ್ದು, 'ಹಳೇ ನೋವು ಮುಚ್ಚಿಟ್ಟು ಕೆಲಸ ಮಾಡಿದ್ರಲ್ರೀ' ಅಂತ. ಜೊತೆಯವರೂ ಹಾಗೇ ಅನ್ಕೊಂಡಿದ್ದಾರೆ. ಹನ್ನೆರಡು ವರ್ಷದಲ್ಲಿ ನಾನು ಸೊಂಟ ಅಂತ ಒಂದು ದಿನ ರಜ ಹಾಕಿಲ್ಲ ಕಣಮ್ಮ. ಆದ್ರೆ ಕಾಗದದಲ್ಲಿದ್ಮೇಲೆ ಇದೆ. ಆ ಅಜ್ಜಿಗೋ ಮರೆವಿನ ಕಾಯಿಲೆ. ನಾನು ಹಿಡ್ಕೊಂಡಿದ್ದೇ ಅವರಿಗೆ ನೆನಪಿಲ್ಲ. ಭಾನುವಾರ ಬೇರೆ, ಇನ್ಯಾರೂ ಇರ್ಲಿಲ್ಲ. ಮತ್ತೆ ಅರ್ಜಿ ಹಾಕೋಕೆ ಇನ್ನು ಹನ್ನೊಂದು ದಿನ ಮಾತ್ರ ಇದೆಯಂತೆ. ಯಾಕೆ ಬಿಡು, ಸುಮ್ನೆ ಜನಕ್ಕೆ ತೊಂದ್ರೆ."

ಕಾಗದ ಮಡಿಸ್ಕೊಂಡು, ಕೋಲು ಹಿಡ್ಕೊಂಡು, ಬಾಗಿಲಲ್ಲಿ ತಿರುಗಿ ನಿಂತ್ರು. "ಆವತ್ತು ನಿನ್ನ ದಿಂಬು ಕೊಟ್ಟೆಯಲ್ಲ ಮಗಳೇ, ಅಷ್ಟು ಜನರ ಮಧ್ಯೆ. ಅದನ್ನ ಮರೆಯಲ್ಲ ನಾನು. ಥ್ಯಾಂಕ್ಸ್ ಹೇಳಿರ್ಲಿಲ್ಲ, ಅದಕ್ಕೇ ಬಂದೆ."

ಹೋದ್ರು.

ಬೋರಾಮ್ ಕೂತೇ ಇದ್ಲು. ಈ ಊರಲ್ಲಿ ಆ ವಿಷಯ ಗೊತ್ತಿದ್ದಿದ್ದು ಒಬ್ಬಳಿಗೇ, ಅವಳಿಗೆ. ಸುಮ್ನಿದ್ರೆ ಯಾರೂ ಕೇಳಲ್ಲ. ಆ ಹೆಂಗಸೇ ತಪ್ಪು ತನ್ನದು ಅಂತ ತಾನೇ ಹೊತ್ಕೊಂಡು ಮೆಟ್ಟಿಲಿಳೀತಿದ್ದಾರೆ. ಟಕ್, ಟಕ್. ಗೆಣಸು ಇನ್ನೂ ಬಿಸಿ ಇತ್ತು. ಸದ್ದು ನಿಂತ್ಹೋಯ್ತು. ಆಗ ಎದ್ಲು ನೋಡಿ, ಆಸ್ಪತ್ರೆ ಚಪ್ಪಲೀಲೇ, ಕೋಟೂ ಇಲ್ಲದೆ, ಇಪ್ಪತ್ಮೂರು ಮೆಟ್ಟಿಲು ಹಾರಿ ಇಳಿದು ಬಸ್ ಸ್ಟಾಪಿಗೆ ಓಡಿದ್ಲು.

"ಅಮ್ಮ! ನೀವು ಹಾಗಂದಿಲ್ಲ!"

"ಏನೇ ಇದು, ಬರೀ ಚಪ್ಪಲೀಲಿ! ಶೀತ ಆಗುತ್ತೆ!"

"ನೀವು ಹೇಳಿದ್ದು ಅಜ್ಜಿ ಜಾರಿದ್ರು, ಹಿಡ್ಕೊಂಡೆ ಅಂತ. ನಂಗೆ ಕೇಳಿಸಿತ್ತು. ನಾನು ಬರೀಲಿಲ್ಲ. ಆ ಸಾಲು ಗುಂಡಿದು ಅಮ್ಮ, ಗುಂಡಿ ಒತ್ತಿದ್ರೆ ತಾನೇ ಬರುತ್ತೆ. ಒತ್ತಿದ್ದು ನಾನು."

ಗುಮ್ಜಾಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು. ಬಸ್ ಬಂತು, ಹೋಯ್ತು. ಕೊನೆಗೆ ಕೇಳಿದ್ರು: "ಹಾಗಾದ್ರೆ ನಾನು ಸುಳ್ಳು ಹೇಳಿಲ್ವಾ?"

"ಇಲ್ಲಮ್ಮ."

"ಮನೇಜರು ಹಾಗಂದಾಗಿಂದ, ಎರಡು ವಾರ ಅದನ್ನೇ ಯೋಚ್ನೆ ಮಾಡ್ತಿದ್ದೆ ಕಣೇ, ನಂಗೂ ಮರೆವು ಶುರುವಾಯ್ತೇನೋ, ನಾನೂ ಆ ಅಜ್ಜಿ ತರ ಆಗ್ಬಿಟ್ನೇನೋ ಅಂತ." ಅಂದು ಅಲ್ಲೇ ಬೆಂಚಿನ ಮೇಲೆ ಕೂತ್ಬಿಟ್ರು. ಬೈತಾರೆ ಅಂತ ಬೋರಾಮ್ ತಲೆ ತಗ್ಗಿಸಿ ನಿಂತಿದ್ರೆ, ಅವರು ತಮ್ಮ ಶಾಲು ಬಿಚ್ಚಿ ಅವಳ ಕತ್ತಿಗೆ ಸುತ್ತಿದ್ರು.

ಮಾರನೇ ದಿನ ಬೆಳಿಗ್ಗೆ ಬಾಗಿಲು ತೆಗೆಯೋಕೆ ಮುಂಚೆ ಬೋರಾಮ್ ಡಾಕ್ಟ್ರ ಮುಂದೆ ನಿಂತ್ಲು. ಎಲ್ಲ ಹೇಳಿದ್ಲು. ಜೊಂಗ್ನಿಮ್ ಅಕ್ಕ ಹಿಂದುಗಡೆಯಿಂದ್ಲೇ ಶುರು ಮಾಡಿದ್ಲು.

"ಲೇ, ನಿಂಗೆ ತಲೆ ಕೆಟ್ಟಿದೆಯಾ? ಒಬ್ಬರಿಗೆ ತಿದ್ದಿದ್ರೆ ನಾಳೆ ಮೀನು ಮಾರ್ಕೆಟ್ಟೆಲ್ಲ ಬಂದು ನಿಲ್ಲುತ್ತೆ, 'ನನ್ನದೂ ತಿದ್ದು, ನನ್ನದೂ ತಿದ್ದು' ಅಂತ. ನಿನ್ನ ಆ ಕಾಲೇಜು ಬುದ್ಧಿನ ಮನೇಲಿಟ್ಟು ಬಾ."

ಡಾಕ್ಟರ್ ಛೂ ಕೋಪಿಷ್ಠರಲ್ಲ. ಕನ್ನಡಕ ಒರೆಸ್ಕೊಂಡು ನಿಧಾನವಾಗಿ ಅಂದ್ರು, "ನೋಡಮ್ಮ ಬೋರಾಮ್, ಸಂಕೇತ ತಪ್ಪಲ್ಲ. ಅವರಿಗೆ ಸೊಂಟನೋವಿತ್ತು, ಸೊಂಟನೋವು ಅಂತ ಹಾಕಿದ್ವಿ. ಆವತ್ತು ಚಿತ್ರ ತೆಗೆದಿರ್ಲಿಲ್ಲ, ಒಳಗೆ ಹರಿದಿದೆ ಅಂತ ಕೈಯಲ್ಲಿ ಒತ್ತಿ ಹೇಳೋಕೆ ನಾನೇನು ದೇವರಲ್ಲ. ಇನ್ನು ಹಳೇ ದಾಖಲೇನ ಈಗ ತಿದ್ದಿದ್ರೆ ಅದು ಕಾನೂನಿಗೆ ವಿರುದ್ಧ. ರೋಗಿ ಬಂದು ಅತ್ತರು ಅಂತ ಡಾಕ್ಟ್ರು ಬರೆದುಕೊಟ್ರು ಅಂತಾರೆ. ಆಮೇಲೆ ಅವರ ನಿಜಾನೂ ಸುಳ್ಳಾಗುತ್ತೆ."

"ತಿದ್ದೋದು ಬೇಡ ಸರ್. ಹಳೇದು ಹಾಗೇ ಇರ್ಲಿ. ಕೆಳಗೆ ಇವತ್ತಿನ ತಾರೀಖು ಹಾಕಿ ಸೇರಿಸ್ಬಹುದಲ್ಲ."

"ಏನಂತ ಸೇರಿಸ್ಲಿ? ನಾವು ಕೇಳ್ಲೇ ಇಲ್ಲ ಅಂತಲಾ?"

"ಹೂಂ ಸರ್. ಕೇಳ್ಲೇ ಇಲ್ಲ ಅಂತ."

ಡಾಕ್ಟ್ರು ಕನ್ನಡಕ ಹಾಕ್ಕೊಂಡ್ರು. "ಅದನ್ನ ಯಾರು ನಂಬ್ತಾರೆ? ಮೇಜಿನ ಹುಡುಗಿ ಎರಡು ತಿಂಗಳ ಮೇಲೆ, ನಂಗೆ ನೆನಪಿದೆ ಅಂತಾಳೆ. ಕಾಗದದ ಮುಂದೆ ಇದು ನಿಲ್ಲಲ್ಲಮ್ಮ." ಬಾಗಿಲಾಚೆ ಅಜ್ಜಿಯರು ಬಾಗಿಲು ಬಡೀತಿದ್ರು. ಮಾತು ಅಲ್ಲಿಗೇ ನಿಂತ್ಹೋಯ್ತು.

ಊಟದ ಹೊತ್ತಲ್ಲಿ ಬೋರಾಮ್ ಊಟಕ್ಕೆ ಹೋಗ್ಲಿಲ್ಲ. ನವೆಂಬರಿನ ಆ ಒಂದೇ ಸೋಮವಾರದ ಪಟ್ಟಿ ತೆಗೆದ್ಲು. ಮೂರನೇ ಗುಂಡಿ ಒತ್ತಿದ್ದು ನಲವತ್ತೊಂದು ಜನಕ್ಕೆ. ಪ್ರಿಂಟರು ಒಂದೊಂದೇ ಸಾಲು ಉಗುಳ್ತು. ಎಪ್ಪತ್ತೆಂಟು ವರ್ಷದ ಮೀನಿನಜ್ಜಿ, ಹಲವು ವರ್ಷಗಳಿಂದ, ವಿಶೇಷ ಕಾರಣವಿಲ್ಲದೆ. ಹತ್ತೊಂಬತ್ತು ವರ್ಷದ ವಿದ್ಯಾರ್ಥಿ, ಹಲವು ವರ್ಷಗಳಿಂದ, ವಿಶೇಷ ಕಾರಣವಿಲ್ಲದೆ. ಸೈಕಲ್ಲಿಂದ ಬಿದ್ದು ಮೊಣಕೈ ಹೊಲಿಸ್ಕೊಂಡು ಹೋದವನು, ಅವನ ಸೊಂಟಕ್ಕೂ ವಿಶೇಷ ಕಾರಣವಿಲ್ಲ. ನಲವತ್ತೊಂದು ಬಾಯಿ, ಒಂದೇ ಮಾತು, ಅಲ್ಪವಿರಾಮ ಕೂಡ ಅದೇ ಜಾಗದಲ್ಲಿ.

ಹಲ್ಲುಕಡ್ಡಿ ಕಚ್ಕೊಂಡು ಬಂದ ಜೊಂಗ್ನಿಮ್ ಅಕ್ಕ ಹೆಗಲ ಮೇಲಿಂದ ಬಗ್ಗಿದ್ಲು. "ಇನ್ನೂ ಬಿಟ್ಟಿಲ್ವಾ ನೀನು? ಕೊಡಿಲ್ಲಿ." ಪಟ್ಟಿ ಕಿತ್ಕೊಂಡ್ಲು. ಬೆರಳಿಟ್ಟು ಇಳಿಸ್ತಾ ಬಂದ್ಲು, ಮೂವತ್ತೆಂಟನೇ ಸಾಲಲ್ಲಿ ಬೆರಳು ನಿಂತ್ಕೊಳ್ತು.

"ಇದು... ಇದು ನಾನಲ್ವಾ?"

ನವೆಂಬರಿನ ಆ ಸೋಮವಾರ ಸಂಜೆ ಅಕ್ಕನೂ ಸೂಜಿ ಹಾಕಿಸ್ಕೊಂಡಿದ್ಲು. ಬೋರಾಮೇ ಗುಂಡಿ ಒತ್ತಿದ್ಲು.

"ವಿಶೇಷ ಕಾರಣವಿಲ್ಲದೆ!" ಅಕ್ಕನ ದನಿ ಮೇಲಕ್ಕೆ ಹೋಯ್ತು. "ಹದಿನೈದು ವರ್ಷದಿಂದ ಆ ಸಲೈನ್ ಡಬ್ಬಿಗಳನ್ನ ಇಪ್ಪತ್ಮೂರು ಮೆಟ್ಟಿಲು ಹೊತ್ಕೊಂಡು ಬರ್ತಿರೋದು ನನ್ನ ಅಜ್ಜಿನಾ? ಈ ಅಜ್ಜಿಯರನ್ನ ಮಂಚಕ್ಕೆ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ... ನನ್ನ ಸೊಂಟಕ್ಕೆ ಕಾರಣ ಇಲ್ವಂತೆ! ಯಾವನ್ರೀ ಬರ್ದೋನು ಇದನ್ನ?"

ಅಕ್ಕ ಕುರ್ಚೀಲಿ ಕುಸಿದ್ಲು. ಒಂದು ನಿಮಿಷ ಪಟ್ಟೀನೇ ನೋಡ್ತಾ ಇದ್ದು, ಡ್ರಾಯರ್ ಎಳೆದು ಕಪ್ಪು ಮಾರ್ಕರ್ ಹುಡುಕಿದ್ಲು.

"ಹೆಸರುಗಳನ್ನ ಅಳಿಸ್ಬೇಕು, ಅದೂ ಗೊತ್ತಿಲ್ವಾ ನಿಂಗೆ? ಆ ಹುಟ್ಟಿದ ತಾರೀಖಿಗೂ ಬಳಿ. ಸರಿಯಾಗಿ ಬಳಿಯೇ, ಕಾಣಿಸುತ್ತೆ."

ಇಬ್ಬರೂ ಸೇರಿ ಪಟ್ಟಿನ ಡಾಕ್ಟ್ರ ಮೇಜಿನ ಮೇಲಿಟ್ರು. ಅವರು ನಲವತ್ತೊಂದೂ ಸಾಲನ್ನ ಓದಿದ್ರು. ಎಲ್ಲ ಒಂದೇ ಅಂತ ಗೊತ್ತಿದ್ರೂ ಒಂದನ್ನೂ ಬಿಡದೆ ಓದಿದ್ರು. ಕೊನೇಲಿ ಕೇಳಿದ್ರು: "ಇದನ್ನ ಹೊರಗೆ ಕಳಿಸಿದ್ರೆ ಜನ ನಮ್ಮನ್ನ ಏನಂತಾರೆ ಗೊತ್ತಾ?"

"ಗೊತ್ತು ಸರ್," ಅಂದ್ಲು ಬೋರಾಮ್. "ಒತ್ತಿದ್ದು ನಾನು ಅಂತ ನನ್ನ ಹೆಸರು ಹಾಕಿ."

"ಗುಂಡಿ ಒತ್ತಿದ್ದು ನೀನು. ಮೂರು ಅಂತ ಕೂಗಿದ್ದು ಯಾರು?" ಅಂದ್ರು ಡಾಕ್ಟರ್ ಛೂ. ಕಿಮ್ಚಿ ಹಾಕಿದ್ರಾ ಅಂತ ತಾವೇ ಕೇಳಿ, ಉತ್ತರನೂ ತಾವೇ ಅಂದ್ಕೊಂಡಿದ್ದು ಅವರಿಗೂ ನೆನಪಿತ್ತು ಅನ್ಸುತ್ತೆ. ಕಿಟಕಿ ಕಡೆ ನೋಡಿದ್ರು. "ಶನಿವಾರ ಅವರನ್ನ ಬರಕ್ಕೆ ಹೇಳು. ಮೆಟ್ಟಿಲು ಹತ್ತಿಸ್ಬೇಡ, ಕೆಳಗೆ ಔಷಧಿ ಅಂಗಡೀಲಿ ಕೂರ್ಸು. ನಾನೇ ಇಳಿದು ಬರ್ತೀನಿ."

ಶನಿವಾರ ಔಷಧಿ ಅಂಗಡಿಯ ಹಿಂದಿನ ರೂಮಲ್ಲಿ ಅವರು ಗುಮ್ಜಾ ಎದುರು ಸ್ಟೂಲ್ ಎಳ್ಕೊಂಡು ಕೂತ್ರು. ಕೇಳಿದ್ದು ಒಂದೇ ಪ್ರಶ್ನೆ: "ಹೇಗಾಯ್ತು, ಹೇಳಿ." ಗುಮ್ಜಾ ಹೇಳೋಕೆ ಅರ್ಧ ಗಂಟೆ ತಗೊಂಡ್ರು. ಬಚ್ಚಲ ನೆಲದ ಬಣ್ಣ, ಅಜ್ಜಿ ಹಾಕ್ಕೊಂಡಿದ್ದ ಹಳದಿ ಕಾಲ್ಚೀಲ, ಎಡಗೈ ಎಲ್ಲಿತ್ತು, ಬಲಗಾಲು ಎಲ್ಲಿ ಊರಿದ್ರು, ಎಲ್ಲ. ಡಾಕ್ಟ್ರು ಒಂದ್ಸಲನೂ ಗಡಿಯಾರ ನೋಡ್ಲಿಲ್ಲ. ಆಮೇಲೆ ತಮ್ಮ ಕೈಯಲ್ಲೇ ಬರೆದ್ರು. ನವೆಂಬರಿನ ದಾಖಲೆಯ ಹಿನ್ನೆಲೆ ಸಾಲು ರೋಗಿ ಹೇಳಿದ್ದಲ್ಲ, ಯಂತ್ರ ಎಲ್ಲರಿಗೂ ಹಾಕೋ ಸಾಲು, ಅದಕ್ಕೆ ಪಟ್ಟಿ ಲಗತ್ತಿಸಿದೆ. ಆ ದಿನ ಹೇಗಾಯ್ತು ಅಂತ ನಾನು ಕೇಳ್ಲಿಲ್ಲ. ರೋಗಿ ಮೇಜಿನಲ್ಲಿ ಹೇಳಿದ್ರು, ಕೇಳಿಸ್ಕೊಂಡವರು ಇವರು. ಕೆಳಗೆ ಎರಡು ಸಹಿ, ಡಾಕ್ಟ್ರದ್ದೂ ಬೋರಾಮ್‌ದೂ.

ಗುಮ್ಜಾ ಎದ್ದು ನಿಂತು, ಸೊಂಟ ಬಗ್ಗಲ್ಲ, ತಲೆ ಮಾತ್ರ ಬಗ್ಗಿಸಿ ನಮಸ್ಕಾರ ಮಾಡಿದ್ರು. ಡಾಕ್ಟರ್ ಛೂ ಅದಕ್ಕಿಂತ ಕೆಳಗೆ ಬಗ್ಗಿದ್ರು.

ಸಹಿ ಹಾಕಿ ಮೇಲೆ ಆಸ್ಪತ್ರೆಗೆ ಹೋದ ಬೋರಾಮ್ ಇನ್ನೊಂದು ಕೆಲಸ ಮಾಡಿದ್ಲು. ಮೂರನೇ ಗುಂಡಿಯಿಂದ ಆ ಸಾಲು ಅಳಿಸಿ, ಆ ಜಾಗನ ಖಾಲಿ ಬಿಟ್ಲು. ಅದನ್ನ ತುಂಬೋವರೆಗೂ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ, ಹಾಗೆ ಮಾಡಿಟ್ಲು. ಮೊದಲನೇ ವಾರ ಗಲಾಟೆಯೋ ಗಲಾಟೆ. "ಈ ಹುಡುಗಿ ಕೈಗೆ ಏನಾಯ್ತು, ಆಮೆ ತರ ಆಗಿದ್ದಾಳೆ!" "ನನ್ನ ಮೀನು ಕಾಯೋರಿಲ್ಲದೆ ಕೂತಿದೆ ಕಣೇ, ಬೇಗ ಒತ್ತು!" ಬೋರಾಮ್ ಒತ್ತಲಿಲ್ಲ. ಕೇಳಿದ್ಲು. "ಹೇಗಾಯ್ತಜ್ಜಿ?"

ಆಮೇಲೆ ನೋಡಿ, ಕಟ್ಟೆ ಒಡೆದ ಹಾಗೆ ಬಂತು. ಒಬ್ಬರು ಆಕ್ಟೋಪಸ್ ತೊಟ್ಟಿ ಎತ್ತೋವಾಗ. ಒಬ್ಬರು ಮೊಮ್ಮಗನ್ನ ಕೂಸುಮರಿ ಮಾಡಿ ಕುಣಿಯೋವಾಗ. ಒಬ್ಬರು ದನಿ ತಗ್ಗಿಸಿ, ಗಂಡ ತಳ್ಳಿದಾಗ ಅಂದ್ರು, ಆ ಮಾತು ಆ ಅಜ್ಜಿ ಬಾಯಿಂದ ಬಂದಿದ್ದು ಜೀವಮಾನದಲ್ಲೇ ಮೊದಲನೇ ಸಲ. ಬೋರಾಮ್ ಬೆರಳು ನಿಂತ್ಹೋಯ್ತು. ಜೊಂಗ್ನಿಮ್ ಅಕ್ಕ ಎದ್ದು ಬಂದು ಆ ಅಜ್ಜಿ ಪಕ್ಕ ಕೂತ್ಲು. ಆವತ್ತು ಸಾಲು ಮೆಟ್ಟಿಲ ಕೆಳಗಿನವರೆಗೂ ಬೆಳೆದಿತ್ತು. ಅಕ್ಕ ಬಾಗಿಲಿಗೆ ಹೋಗಿ ಕೂಗಿದ್ಲು, "ಕಾಯ್ಬೇಕು! ಇಲ್ಲಿ ಕೇಳಿ ಬರ್ಕೊಳ್ತಾರೆ, ಅವಸರ ಇದ್ದೋರು ನೋವಿನ ಪ್ಲಾಸ್ಟರ್ ಅಂಟಿಸ್ಕೊಂಡು ಮನೆಗೆ ಹೋಗ್ಬಹುದು!" ಯಾರೂ ಹೋಗ್ಲಿಲ್ಲ.

ದಿನಕ್ಕೆ ತೊಂಬತ್ತು ದಾಟ್ತಿದ್ದದ್ದು ಅರವತ್ತಕ್ಕೆ ಇಳೀತು. ಡಾಕ್ಟರ್ ಛೂ ಒಂದೆರಡು ಸಲ ಗೊಣಗಿದ್ರು. 'ಮೂರು' ಅಂತ ಕೂಗೋದು ಮಾತ್ರ ನಿಲ್ಲಿಸಿದ್ರು.

ಏಪ್ರಿಲಲ್ಲಿ, ಬೀದಿಯ ಚೆರಿ ಮರದ ಹೂವೆಲ್ಲ ಉದುರಿ ಮೆಟ್ಟಿಲ ಮೇಲೆ ಬಿದ್ದಿದ್ದ ದಿನ, ಗುಮ್ಜಾ ಬಂದ್ರು. ಕೋಲಿತ್ತು, ಆದ್ರೆ ಅದನ್ನ ಕಂಕುಳಲ್ಲಿ ಇಟ್ಕೊಂಡಿದ್ರು. ಕೈಯಲ್ಲಿ ಕಾಗದ, ಮತ್ತೆ ಹಾಕಿದ್ದ ಅರ್ಜಿಗೆ ಕಾರ್ಮಿಕರ ಆಫೀಸಿಂದ ಬಂದದ್ದು. ಒಡೆದಿರ್ಲಿಲ್ಲ. ಕನ್ನಡಕ ಮೂಗಿನ ಮೇಲೇ ಇತ್ತು.

"ನೀನೇ ಓದು. ಮೊದಲನೇ ಸಲವೂ ನೀನೇ ಓದಿದ್ದು."

ಬೋರಾಮ್ ಒಡೆದ್ಲು. ಜೊಂಗ್ನಿಮ್ ಅಕ್ಕ ಪಕ್ಕಕ್ಕೆ ಬಂದು ನಿಂತ್ಲು. ಕಾಯೋ ಜಾಗದ ಅಜ್ಜಿಯರೂ ಕತ್ತು ಚಾಚಿದ್ರು, ಈ ಆಸ್ಪತ್ರೇಲಿ ಗುಟ್ಟು ಅನ್ನೋದು ಯಾವತ್ತೂ ಇರ್ಲಿಲ್ಲ.

"ಒಪ್ಪಿದ್ದಾರೆ ಅಮ್ಮ."

ಯಾರೋ ಚಪ್ಪಾಳೆ ಹೊಡೆದ್ರು. ಗುಮ್ಜಾ ಮಾತ್ರ ಕುಣಿಯಲಿಲ್ಲ, ಅಳಲಿಲ್ಲ. ಮೇಜಿಗೆ ಇನ್ನೂ ಹತ್ರ ಬಂದು ಕೇಳಿದ್ರು, "ಹಿಡ್ಕೊಂಡೆ ಅಂತ ಬರ್ದಿದ್ದಾರಾ? ನಾನು ಅಜ್ಜಿನ ಹಿಡ್ಕೊಂಡೆ ಅಂತ?"

ಬೋರಾಮ್ ಹುಡುಕಿದ್ಲು. ಎರಡನೇ ಪುಟದಲ್ಲಿತ್ತು. "ಸ್ನಾನಗೃಹದಲ್ಲಿ ಬೀಳುತ್ತಿದ್ದ ವೃದ್ಧೆಯನ್ನು ಹಿಡಿದುಕೊಂಡ ಸಂದರ್ಭದಲ್ಲಿ, ಸೊಂಟಕ್ಕೆ ಪೆಟ್ಟಾಗಿದ್ದು."

"ಇನ್ನೊಂದ್ಸಲ."

ಓದಿದ್ಲು.

"ಇನ್ನೊಂದೇ ಒಂದ್ಸಲ ಮಗಳೇ."

ಮೂರನೇ ಸಲ ಬೋರಾಮ್ ಒಂದೊಂದೇ ಪದ ಬಿಡಿಸಿ ಓದಿದ್ಲು. ಗುಮ್ಜಾ ಕಣ್ಮುಚ್ಚಿ ಕೇಳಿದ್ರು. "ಸಾಕು," ಅಂದ್ರು. "ಆ ಅಜ್ಜಿ ನಿನ್ನೆನೂ ಬಾಗಿಲವರೆಗೆ ನಡ್ಕೊಂಡು ಬಂದು ನನ್ನ ನೋಡಿ 'ಯಾರಮ್ಮ ನೀನು' ಅಂದ್ರು. ಹೋಗ್ಲಿ ಬಿಡು. ಈಗ ಈ ಕಾಗದಕ್ಕಾದ್ರೂ ನೆನಪಿದೆಯಲ್ಲ." ಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ರು. ಹೊಸ ದಿಂಬು, ಕೈಯಲ್ಲೇ ಹೊಲಿದದ್ದು, ಅಂಚು ಸ್ವಲ್ಪ ಸೊಟ್ಟ. "ಹಳೇದು ಆವತ್ತು ನನ್ನ ಜೊತೆ ಮನೆಗೆ ಬಂದಾಗಿಂದ ನಿನ್ನ ಕುರ್ಚಿ ಬೋಳಾಗೇ ಇದೆ, ನೋಡ್ತಾನೇ ಇದ್ದೀನಿ. ನಿನ್ನ ಸೊಂಟನೂ ಸೊಂಟನೇ."

ಆ ದಿಂಬು ಇವತ್ತಿಗೂ ಅಲ್ಲೇ ಇದೆ. ಬಂದ್ರೆ ತೋರಿಸ್ತೀನಿ.

ಆದ್ರೆ ನಂಗೆ ಪದೇಪದೇ ನೆನಪಾಗೋದು ಏಪ್ರಿಲ್ ಅಲ್ಲ, ಜನವರಿ. ಆಸ್ಪತ್ರೇಲಿ ಯಾರೂ ಇಲ್ಲ. ಮೇಜಿನ ಮೇಲೆ ಬಿಸಿ ಗೆಣಸು. ತಪ್ಪು ನಿಮ್ಮದು ಅಂತ ನಿಮ್ಮೊಬ್ಬರಿಗೇ ಗೊತ್ತು, ಎದುರಿನವರು "ನಾನೇ ಹಾಗಂದಿರ್ಬೇಕು" ಅಂತ ನಿಮಗೇ ಥ್ಯಾಂಕ್ಸ್ ಹೇಳಿ ಮೆಟ್ಟಿಲಿಳೀತಿದ್ದಾರೆ. ಕೋಲಿನ ಸದ್ದು ನಿಧಾನವಾಗಿ ದೂರ ಆಗ್ತಿದೆ. ಆ ಕುರ್ಚೀಲಿ ನೀವಿದ್ದಿದ್ರೆ, ಏಳ್ತಿದ್ರಾ?